ಗೃಹದೀಪಗಳ ಮಿತವ್ಯಯ

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪನ್ನವಾಗತೊಡಗಿದ ವಿದ್ಯುತ್ತು ಮೊದಲಿಗೆ ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆಂದೇ ಮೀಸಲಾಗಿದ್ದು, ಮೂರು ವರ್ಷಗಳ ತರುವಾಯ, 1905ರ ಆಗಸ್ಟ್ ತಿಂಗಳಿನಲ್ಲಿ, ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸೀಮೆಎಣ್ಣೆಯ ಬುಡ್ಡಿ, ಲಾಟೀನು, ಮದುವೆಮನೆಗೆ ಬಾಡಿಗೆಗೆ ತರುತ್ತಿದ್ದ ಪೆಟ್ರೋಮ್ಯಾಕ್ಸು ಇವುಗಳ ಕಾಲವನ್ನು ಕಂಡಿದ್ದ ಜನಕ್ಕೆ, ಸ್ವಿಚ್ಚು ಒತ್ತಿದೊಡನೆ ಕೋಣೆ ತುಂಬುವ ಬೆಳಕೇ ಒಂದು ವಿಸ್ಮಯವಾಗಿದ್ದುದರಿಂದ, ಆ ಬೆಳಕಿಗಾಗಿ ಎಷ್ಟು ವಿದ್ಯುತ್ತು ವ್ಯಯವಾಗುತ್ತಿದೆ, ಅದರಲ್ಲಿ ಬೆಳಕಾಗುವುದೆಷ್ಟು, ವ್ಯರ್ಥವಾಗುವುದೆಷ್ಟು ಎಂದು ಲೆಕ್ಕ ಕೇಳುವ ಮನಸ್ಸು ಬಹುಕಾಲ ಯಾರಿಗೂ ಬಂದಂತಿಲ್ಲ. ಆ ಲೆಕ್ಕವನ್ನು ಕೇಳತೊಡಗಿದುದು ಈಚಿನ ನಾಲ್ಕು ದಶಕಗಳಲ್ಲಿ. ಅದಕ್ಕೆ ತೃಪ್ತಿಕರವಾದ ಉತ್ತರ ದೊರೆತುದು ಇನ್ನೂ ಈಚೆಗೆ. ಮನೆಯ ದೀಪಗಳನ್ನು ಮಿತವ್ಯಯದ ದೀಪಗಳಿಗೆ ಬದಲಾಯಿಸುವ ಈ ಕಾರ್ಯವು ನಮ್ಮಲ್ಲಿ ಹೇಗೆ ನಡೆಯಿತು, ಅದರಲ್ಲಿ ಫಲಿಸಿದುದೆಷ್ಟು, ಫಲಿಸಿತೆಂದು ನಾವು ಭ್ರಮಿಸಿರುವುದೆಷ್ಟು, ಇನ್ನೂ ಆಗಬೇಕಾದುದೇನು ಎಂಬುದನ್ನು ಒಮ್ಮೆ ಸಮಗ್ರವಾಗಿ ನೋಡುವುದು ಅಪ್ರಸ್ತುತವಾಗಲಾರದು.

ಹಳೆಯ ಬಲ್ಬಿನ ಮೂಲದೋಷ ಅದರ ಸ್ವಭಾವದಲ್ಲಿಯೇ ಇದ್ದಿತು. ಗಾಜಿನ ಬುರುಡೆಯೊಳಗಿನ ಟಂಗ್‌ಸ್ಟನ್ ಎಳೆಯನ್ನು ಎರಡೂವರೆ ಸಾವಿರ ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಅದು ಕಾದು ಬೆಳ್ಳಗಾಗುವಾಗ ಹೊರಸೂಸುವ ಪ್ರಭೆಯನ್ನು ನಾವು ಬೆಳಕೆಂದು ಬಳಸುತ್ತಿದ್ದೆವು. ಆದರೆ ಅದು ನುಂಗಿದ ವಿದ್ಯುತ್ತಿನಲ್ಲಿ ಕಣ್ಣಿಗೆ ಕಾಣುವ ಬೆಳಕಾಗಿ ಪರಿಣಮಿಸುತ್ತಿದ್ದುದು ನೂರಕ್ಕೆ ಸುಮಾರು ಐದು ಪಾಲು ಮಾತ್ರ, ಉಳಿದುದೆಲ್ಲ ತಾಪ. ಉರಿಯುವಾಗ ಪ್ರಾಸಂಗಿಕವಾಗಿ ಅಡುಗೆಮನೆಯನ್ನೂ ಬೆಳಗುವ ಒಲೆಯನ್ನು ದೀಪವೆಂದು ಕರೆದಂತೆ, ಕಾಯಿಸುವ ಈ ಯಂತ್ರವನ್ನು ನಾವು ಶತಮಾನಕಾಲ ದೀಪವೆಂದು ಕರೆದೆವು. ಆದರೂ ಅದರ ಗುಣಗಳನ್ನು ಮರೆಯುವುದು ಅನ್ಯಾಯ. ಬೆಲೆ ಅತ್ಯಲ್ಪ, ರಚನೆ ಸರಳ, ಬಣ್ಣಗಳನ್ನು ಇದ್ದುದಿದ್ದಂತೆ ತೋರಿಸುವ ಹದವಾದ ಬೆಳಕು. ಸಾಯಂಕಾಲ ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಕುಸಿದಾಗಲೂ ಕೆಂಪಗೆ ಮಿಣುಕುತ್ತಾದರೂ ಅದು ಉರಿಯುತ್ತಿದ್ದಿತೇ ಹೊರತು ಕೈಕೊಡುತ್ತಿರಲಿಲ್ಲ. 1936ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ಮಲ್ಲೇಶ್ವರದಲ್ಲಿ ಆರಂಭವಾದ ಮೈಸೂರ್ ಲ್ಯಾಂಪ್ಸ್ ಕಾರ್ಖಾನೆ ಇಂಥ ಬಲ್ಬುಗಳನ್ನು ಮಾಡಿ ಮನೆಮಾತಾಗಿದ್ದಿತು. ಕಾಲಕ್ಕೆ ತಕ್ಕಂತೆ ಹೊರಳಲಾರದೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಬಾಗಿಲು ಮುಚ್ಚಿತು.

ಮಿತವ್ಯಯದ ದಾರಿಯಲ್ಲಿ ಮೊದಲ ಹೆಜ್ಜೆ ಟ್ಯೂಬ್‌ಲೈಟಿನದು. ಪಾದರಸದ ಆವಿಯಲ್ಲಿ ವಿದ್ಯುತ್ತು ಹರಿದಾಗ ಹುಟ್ಟುವ ಅದೃಶ್ಯ ಕಿರಣಗಳನ್ನು ಕೊಳವೆಯ ಒಳಮೈಯ ಬಿಳಿಯ ಲೇಪ ದೃಶ್ಯ ಪ್ರಕಾಶವನ್ನಾಗಿ ಪರಿವರ್ತಿಸುವ ಈ ದೀಪವು ಬಲ್ಬಿಗಿಂತ ನಾಲ್ಕೈದು ಪಟ್ಟು ದಕ್ಷವಾಗಿದ್ದರೂ, ಚೋಕು, ಸ್ಟಾರ್ಟರು, ಪಟ್ಟಿ ಎಂಬ ಪರಿವಾರದೊಡನೆ ಬರುತ್ತಿದ್ದುದರಿಂದ ನಡುಮನೆಗೆ ಮಾತ್ರ ಸಂದಿತು. ಬಚ್ಚಲು, ಕೊಟ್ಟಿಗೆ, ಮೆಟ್ಟಿಲುಗಳಿಗೆ ಬಲ್ಬೇ ಉಳಿಯಿತು. ನಲವತ್ತು ವ್ಯಾಟಿನ ಟ್ಯೂಬೆಂದು ನಾವು ಲೆಕ್ಕ ಹಾಕುತ್ತಿದ್ದಾಗ, ಅದರ ತಾಮ್ರದ ಚೋಕು ತಾನೇ ಹನ್ನೆರಡು ವ್ಯಾಟಿನಷ್ಟನ್ನು ಬಿಸಿಯಾಗಿ ತಿನ್ನುತ್ತಿದ್ದಿತೆಂಬುದು ಹಲವರಿಗೆ ತಿಳಿದಿರಲಿಲ್ಲ. ಮುಂದೆ ದಪ್ಪ ಟ್ಯೂಬು ಸಪೂರವಾಗಿ ಮೂವತ್ತಾರಕ್ಕೆ, ಇನ್ನೂ ಸಪೂರವಾಗಿ ಇಪ್ಪತ್ತೆಂಟು ವ್ಯಾಟಿಗೆ ಇಳಿಯಿತು. ಎಲೆಕ್ಟ್ರಾನಿಕ್ ಚೋಕು ಬಂದಿತು. ಇದೇ ತತ್ತ್ವದ ಕೊಳವೆಯನ್ನು ಮಡಿಚಿ ಸುತ್ತಿ, ಬಲ್ಬಿನ ಹೋಲ್ಡರಿಗೇ ಸಿಕ್ಕಿಸುವಂತೆ ಮಾಡಿದಾಗ ಸಿಎಫ್‌ಎಲ್ ಆಯಿತು.

ಸಿಎಫ್‌ಎಲ್ ದೀಪದ ಕಥೆಯಲ್ಲಿ ತುಸು ನಿಲ್ಲಬೇಕಾಗಿದೆ. ಏಕೆಂದರೆ ಈ ಪ್ರಶ್ನೆಯ ಆರ್ಥಿಕ ಮರ್ಮವೆಲ್ಲ ಅಲ್ಲಿಯೇ ಪ್ರಕಟವಾದುದು, ಮತ್ತು ಆ ಮರ್ಮವನ್ನು ಎಲ್ಲರಿಗಿಂತ ಮೊದಲು ಕಂಡವರಲ್ಲಿ ಒಬ್ಬರು ಬೆಂಗಳೂರಿನವರೇ ಆಗಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು, 1974ರಲ್ಲಿ ಅಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದವರು, ಜನರಿಗೆ ಬೇಕಾದುದು ವಿದ್ಯುತ್ತಲ್ಲ, ವಿದ್ಯುತ್ತಿನಿಂದ ದೊರೆಯುವ ಸೇವೆ ಎಂಬ ವಾದವನ್ನು ಮಂಡಿಸಿದರು. ನೋಡಿದರೆ ಇದು ಸಾಮಾನ್ಯ ಮಾತು. ಆದರೆ ರಾಜ್ಯದ ಯೋಜನೆಗಳೆಲ್ಲ ಇದಕ್ಕೆ ವಿರುದ್ಧವಾದ ಭಾವನೆಯ ಮೇಲೆ ನಿಂತಿದ್ದವು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಊರುಗಳು ಮುಳುಗಿ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡಿದ್ದವು. ಜಲವಿದ್ಯುತ್ತು ಸಾಲದಾಗಿ 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಸ್ಥಾವರ ಕೆಲಸ ಆರಂಭಿಸಿತ್ತು. ಆದರೂ ಕೊರತೆ ತೀರದೆ, 1987ರ ಸರ್ಕಾರಿ ಸಮಿತಿಯ ದೀರ್ಘಾವಧಿ ವರದಿಯೊಂದು 2000ನೆಯ ಇಸವಿಯ ಹೊತ್ತಿಗೆ ಬೃಹತ್ ಪ್ರಮಾಣದ ಹೊಸ ಉತ್ಪಾದನೆ ಬೇಕೆಂದು ಹೇಳಿದ್ದಿತು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಅದಕ್ಕೆ ಪ್ರತಿಯಾಗಿ ಬೇರೊಂದು ಲೆಕ್ಕವನ್ನಿಟ್ಟರು: ಬಲ್ಬಿನ ಬದಲು ಸಿಎಫ್‌ಎಲ್, ಸ್ನಾನದ ಬಿಸಿನೀರಿಗೆ ಸೌರತಾಪ, ದಕ್ಷವಾದ ನೀರಾವರಿ ಪಂಪು ಇಂಥವುಗಳಿಂದ ಅದೇ ಸೇವೆಯನ್ನು, ಹಾಗೂ ಎಲ್ಲ ಮನೆಗಳಿಗೂ ದೀಪವನ್ನು, ಆ ವರದಿ ಹೇಳಿದ ವಿದ್ಯುತ್ತಿನ ಅರ್ಧಕ್ಕಿಂತಲೂ ಕಡಿಮೆಯಲ್ಲಿ ಒದಗಿಸಬಹುದೆಂದು ಅವರು ತೋರಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ಸಗಣಿಯ ಅನಿಲದಿಂದ ಎಂಜಿನ್ನು ನಡೆಸಿ ಮನೆಮನೆಗೆ ಟ್ಯೂಬ್‌ಲೈಟಿನ ಬೆಳಕನ್ನೂ ನಲ್ಲಿಯ ನೀರನ್ನೂ ಕೊಟ್ಟುದು ಇದೇ ಚಿಂತನೆಯ ಒಂದು ಪ್ರಯೋಗ.

ಲೆಕ್ಕ ಸರಿಯಾಗಿದ್ದರೂ ಜನ ಸಿಎಫ್‌ಎಲ್ ಕೊಳ್ಳಲಿಲ್ಲ. ಕಾರಣ ಅಜ್ಞಾನವಲ್ಲ. ಹತ್ತು ರೂಪಾಯಿಗೆ ಬಲ್ಬು ಸಿಗುತ್ತಿದ್ದಾಗ ನೂರಾರು ರೂಪಾಯಿ ಕೊಟ್ಟು ದೀಪ ತರುವುದೆಂದರೆ, ಮುಂದಿನ ಎರಡು ವರ್ಷಗಳ ಉಳಿತಾಯವನ್ನು ಇಂದೇ ಕೈಯಿಂದ ಎಣಿಸಿಕೊಡುವುದೆಂದು ಅರ್ಥ. ದಿನಗೂಲಿಯವನಿಗೆ, ಬಾಡಿಗೆಮನೆಯ ಗುಮಾಸ್ತನಿಗೆ, ನಾಳೆ ವೋಲ್ಟೇಜು ಏರಿ ದೀಪ ಸುಟ್ಟೀತೆಂಬ ಭಯವಿದ್ದವನಿಗೆ ಅದು ವಿವೇಕದ ವ್ಯವಹಾರವಾಗಿ ತೋರಲಿಲ್ಲವೆಂದರೆ ಅವರನ್ನು ದೂರುವಂತಿಲ್ಲ. ಇನ್ನೊಂದು ವಿಪರ್ಯಾಸವೂ ಇದ್ದಿತು. ಭಾಗ್ಯಜ್ಯೋತಿಯಂಥ ಯೋಜನೆಗಳಲ್ಲಿ ಬಡಕುಟುಂಬಕ್ಕೆ ಉಚಿತವಾಗಿ ದೊರೆತ ಒಂಟಿ ಬಲ್ಬಿನ ವಿದ್ಯುತ್ತಿಗೆ ಆ ಕುಟುಂಬ ಹಣ ಕೊಡುತ್ತಿರಲಿಲ್ಲವಾದ್ದರಿಂದ, ಅಲ್ಲಿ ಬಲ್ಬು ಬದಲಾದರೆ ಲಾಭವಾಗುತ್ತಿದ್ದುದು ವಿದ್ಯುತ್ತನ್ನು ಪೂರೈಸುವವರಿಗೇ; ಆದುದರಿಂದ ಹೊಸ ದೀಪವನ್ನು ಕೊಂಡುಕೊಡಬೇಕಾದವರೂ ಅವರೇ ಆಗಿದ್ದರು. ಈ ಸರಳ ಸತ್ಯವನ್ನು ಒಪ್ಪಿಕೊಳ್ಳಲು ನಮ್ಮ ಆಡಳಿತಕ್ಕೆ ಬಹಳ ವರ್ಷಗಳು ಹಿಡಿದವು. 2004-05ರಲ್ಲಿ ಬೆಂಗಳೂರಿನ ವಿದ್ಯುತ್ ಪೂರೈಕೆ ಕಂಪನಿಯಾದ ಬೆಸ್ಕಾಂ ಸಿಎಫ್‌ಎಲ್ ದೀಪಗಳನ್ನು ಕೊಟ್ಟು ಅವುಗಳ ಬೆಲೆಯನ್ನು ಬಿಲ್ಲಿನೊಡನೆ ಕಂತುಗಳಲ್ಲಿ ಪಡೆಯುವ ಯೋಜನೆಯನ್ನು ಕೈಗೊಂಡುದು, 2009ರಲ್ಲಿ ಕೇಂದ್ರ ಸರ್ಕಾರ ಹಳೆಯ ಬಲ್ಬಿಗೆ ಪ್ರತಿಯಾಗಿ ಹದಿನೈದು ರೂಪಾಯಿಗೆ ಸಿಎಫ್‌ಎಲ್ ಕೊಡುವ ಬಚತ್ ಲ್ಯಾಂಪ್ ಯೋಜನೆಯನ್ನು ಘೋಷಿಸಿದುದು, ಇವೆರಡೂ ಆ ಸತ್ಯದ ತಡವಾದ ಅಂಗೀಕಾರಗಳು.

ಸಿಎಫ್‌ಎಲ್ ನೆಲೆಯೂರುವ ಮೊದಲೇ ಅದನ್ನು ಸರಿಸುವ ದೀಪ ಬಂದುಬಿಟ್ಟಿತು. ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿಯೇ ಅಮೆರಿಕದ ನಿಕ್ ಹೊಲೊನ್ಯಾಕ್ ತೋರಿಸಿದ್ದರೂ, ಆ ಪುಟ್ಟ ಕೆಂಪು ಚುಕ್ಕೆ ರೇಡಿಯೋ, ಗಡಿಯಾರಗಳ ಮುಖದಲ್ಲಿ ಉಳಿಯಿತೇ ಹೊರತು ಕೋಣೆಯನ್ನು ಬೆಳಗಲಿಲ್ಲ. ಬಿಳಿಯ ಬೆಳಕಿಗೆ ನೀಲಿ ಬೇಕಾಗಿದ್ದಿತು, ನೀಲಿಯನ್ನು ಸಾಧಿಸಲು ಮೂರು ದಶಕಗಳು ಕಳೆದವು. ಗ್ಯಾಲಿಯಂ ನೈಟ್ರೈಡಿನ ಹರಳಿನಿಂದ ನೀಲಿ ಬೆಳಕನ್ನು ಹೊಮ್ಮಿಸಿದ ಜಪಾನಿನ ಇಸಾಮು ಅಕಸಾಕಿ, ಹಿರೋಷಿ ಅಮಾನೋ ಮತ್ತು ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶೂಜಿ ನಾಕಾಮುರಾ ಇವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಆ ನೀಲಿ ಹರಳಿನ ಮೇಲೆ ಹಳದಿ ಪ್ರಭೆಯನ್ನು ಬೀರುವ ಲೇಪವನ್ನು ಹಚ್ಚಿದಾಗ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ಅರವತ್ತು ವ್ಯಾಟಿನ ಹಳೆಯ ಬಲ್ಬು ಸುಮಾರು ಏಳುನೂರು ಲೂಮೆನ್ ಬೆಳಕನ್ನು ಕೊಡುತ್ತಿದ್ದರೆ, ಒಂಬತ್ತು ವ್ಯಾಟಿನ ಎಲ್‌ಇಡಿ ಅದಕ್ಕೆ ಕಡಿಮೆಯಿಲ್ಲದ ಬೆಳಕನ್ನು ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಮೊದಲನೆಯದು ಸುಮಾರು 110 ಯೂನಿಟ್ಟನ್ನೂ ಎರಡನೆಯದು ಹದಿನಾರು ಯೂನಿಟ್ಟನ್ನೂ ಬಳಸುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೆ ಒಂದು ಹೋಲ್ಡರಿನಿಂದ ವರ್ಷಕ್ಕೆ ಐನೂರೈವತ್ತು ರೂಪಾಯಿಯಷ್ಟು ಉಳಿಯುತ್ತದೆ.

ಆದರೆ ಹಿಂದಿನ ಕಥೆಯೇ ಮರುಕಳಿಸಬಹುದಾಗಿದ್ದಿತು. ಏಕೆಂದರೆ ಆರಂಭದಲ್ಲಿ ಈ ದೀಪವೂ ದುಬಾರಿಯಾಗಿಯೇ ಬಂದಿತು. ಅದನ್ನು ತಪ್ಪಿಸಿದುದು ಸಗಟು ಖರೀದಿ. ಕೇಂದ್ರದ ಸಾರ್ವಜನಿಕ ವಲಯದ ಎನರ್ಜಿ ಎಫಿಷಿಯೆನ್ಸಿ ಸರ್ವಿಸಸ್ ಲಿಮಿಟೆಡ್ ಸಂಸ್ಥೆ ದೀಪಗಳನ್ನು ಕೋಟಿಗಳ ಲೆಕ್ಕದಲ್ಲಿ ಟೆಂಡರು ಕರೆದು ಕೊಂಡುದರಿಂದ, 2014ರ ಆರಂಭದಲ್ಲಿ 310 ರೂಪಾಯಿಯಾಗಿದ್ದ ಅದರ ಖರೀದಿ ಬೆಲೆ 2016ರಲ್ಲಿ 38 ರೂಪಾಯಿಗೆ ಇಳಿಯಿತು. 2015ರ ಜನವರಿಯಲ್ಲಿ ಆರಂಭವಾಗಿ ‘ಉಜಾಲಾ’ ಎಂಬ ಹೆಸರು ಪಡೆದ ಆ ಯೋಜನೆಯಲ್ಲಿ ದೇಶದಾದ್ಯಂತ ಹಂಚಿದ ಬಲ್ಬುಗಳು 36 ಕೋಟಿಗೂ ಮಿಕ್ಕವು. ಕರ್ನಾಟಕದಲ್ಲಿ ಅದೇ ಕಾರ್ಯ 2015ರ ಡಿಸೆಂಬರಿನಿಂದ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ನಡೆದು, ಒಂಬತ್ತು ವ್ಯಾಟಿನ ಬಲ್ಬು ನೂರು ರೂಪಾಯಿಗೆ ದೊರೆಯಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಸಂಗದ ಪಾಠವಿರುವುದು ಇಲ್ಲಿಯೇ. ವಿದ್ಯುತ್ತು ಉಳಿಸಿರೆಂದು ಗೋಡೆಗಳ ಮೇಲೆ ಬರೆಯಿಸಿದ ವಾಕ್ಯಗಳೂ ಶಾಲೆಯ ಮಕ್ಕಳಿಂದ ಮಾಡಿಸಿದ ಪ್ರಬಂಧಗಳೂ ದಶಕಗಳಲ್ಲಿ ಸಾಧಿಸದುದನ್ನು, ಬೆಲೆ ಇಳಿದ ಒಂದು ದೀಪ ಎರಡು ವರ್ಷಗಳಲ್ಲಿ ಸಾಧಿಸಿತು. ಜನ ಬದಲಾಗಲು ಸಿದ್ಧರಾಗಿಯೇ ಇದ್ದರು. ಬದಲಾವಣೆಯ ಮೊದಲ ಕಂತನ್ನು ಅವರ ತಲೆಯ ಮೇಲೆ ಹೊರಿಸದಿರುವ ಜಾಣ್ಮೆ ಮಾತ್ರ ಬೇಕಾಗಿದ್ದಿತು.

ಇಲ್ಲಿ ಒಂದು ಅಪವಾದವನ್ನು ಹೇಳಿ ಮುಂದುವರಿಯುತ್ತೇನೆ. ಮೈಸೂರಿನ ಅರಮನೆಯನ್ನು ದಸರಾ ದಿನಗಳಲ್ಲಿ ಅಲಂಕರಿಸುವ ಸುಮಾರು ಒಂದು ಲಕ್ಷ ಬಲ್ಬುಗಳು ಇಂದಿಗೂ ಹಳೆಯ ಎಳೆಯ ಬಲ್ಬುಗಳೇ. ಅವನ್ನೂ ಬದಲಾಯಿಸಬೇಕೆಂಬ ಮಾತು ಆಗಾಗ ಕೇಳಿಬರುವುದುಂಟು. ಸ್ವಲ್ಪ ಹೊತ್ತು ಮಾತ್ರ ಉರಿಯುವ ಆ ದೀಪಗಳಲ್ಲಿ ಉಳಿಸುವುದು ಅಷ್ಟಕ್ಕಷ್ಟೆ; ಆ ಹೊಂಬಣ್ಣದಲ್ಲಿ ಕಳೆದುಕೊಳ್ಳುವುದು ಬಹಳ. ಅವನ್ನು ಅವುಗಳ ಪಾಡಿಗೆ ಬಿಡುವುದೇ ಲೇಸು. ಉಳಿತಾಯದ ಲೆಕ್ಕದಲ್ಲಿ ದೀಪದ ವ್ಯಾಟಿನಷ್ಟೇ ಮುಖ್ಯವಾದುದು ಅದು ಉರಿಯುವ ಕಾಲ. ನಮ್ಮ ಮನೆಗಳಲ್ಲಿ ಈ ಮಾತಿನ ಅತ್ಯುತ್ತಮ ನಿದರ್ಶನವೆಂದರೆ ಝೀರೋ ಬಲ್ಬು. ಹೆಸರಿನಲ್ಲಿ ಶೂನ್ಯವಿದ್ದರೂ ಆ ಹಳೆಯ ಪುಟ್ಟ ಬಲ್ಬು ಹನ್ನೆರಡರಿಂದ ಹದಿನೈದು ವ್ಯಾಟಿನದು. ದೇವರಮನೆಯಲ್ಲಿ ಹಗಲಿರುಳು ಕೆಂಪಗೆ ಉರಿಯುವ ಅಂಥದೊಂದು ಹದಿನೈದು ವ್ಯಾಟಿನ ಬಲ್ಬು ವರ್ಷಕ್ಕೆ 131 ಯೂನಿಟ್ಟನ್ನು, ಅಂದರೆ ನಡುಮನೆಯ ಅರವತ್ತು ವ್ಯಾಟಿನ ಬಲ್ಬಿಗಿಂತಲೂ ಹೆಚ್ಚನ್ನು, ಬಳಸುತ್ತದೆ. ಅದೇ ಜಾಗದಲ್ಲಿ ಅರ್ಧ ವ್ಯಾಟಿನ ಎಲ್‌ಇಡಿ ಇಟ್ಟರೆ ನಾಲ್ಕೂವರೆ ಯೂನಿಟ್ಟೂ ಆಗಲಾರದು. ಅಪರೂಪಕ್ಕೆ ತೆರೆಯುವ ಅಟ್ಟದ ಬಲ್ಬನ್ನು ಬದಲಾಯಿಸಿ ಇದನ್ನು ಹಾಗೆಯೇ ಬಿಟ್ಟ ಗೃಹಸ್ಥರು ಅನೇಕರು.

ಉಳಿತಾಯದ ಮಹತ್ತ್ವ ಬಿಲ್ಲಿನಾಚೆಗೂ ಇದೆ. ಮನೆಗಳ ದೀಪಗಳೆಲ್ಲ ಸಾಯಂಕಾಲ ಆರರಿಂದ ಹತ್ತರವರೆಗಿನ ಅವಧಿಯಲ್ಲಿ ಒಮ್ಮೆಗೇ ಉರಿಯುವುದರಿಂದ, ಹಾಗೂ ಸೂರ್ಯ ಮುಳುಗಿದ ಆ ಹೊತ್ತಿನಲ್ಲಿ ಪಾವಗಡದ ಸೌರಫಲಕಗಳು ಎಷ್ಟು ವಿಶಾಲವಾಗಿದ್ದರೂ ನೆರವಿಗೆ ಬಾರದಿರುವುದರಿಂದ, ಆಗ ಉಳಿಸಿದ ಒಂದು ಯೂನಿಟ್ಟು ನಡುಹಗಲಲ್ಲಿ ಉಳಿಸಿದುದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಉತ್ಪಾದನಾ ಕೇಂದ್ರದಿಂದ ಮನೆಯವರೆಗಿನ ತಂತಿಗಳಲ್ಲಿ ಒಂದಂಶ ಸೋರಿಹೋಗುವುದರಿಂದ ಮನೆಯಲ್ಲಿ ಉಳಿದ ಒಂದು ಯೂನಿಟ್ಟು ರಾಯಚೂರಿನಲ್ಲಿ ಒಂದಕ್ಕಿಂತ ಹೆಚ್ಚು. ಅಲ್ಲಿ ಒಂದೊಂದು ಯೂನಿಟ್ಟಿಗೂ ಅರ್ಧ ಕೆ.ಜಿ.ಗೆ ಮಿಕ್ಕ ಕಲ್ಲಿದ್ದಲು ಉರಿಯುತ್ತದೆ.

ಹಾಗಾದರೆ ಕಾರ್ಯ ಮುಗಿಯಿತೇ? ಮುಗಿಯಿತೆನ್ನಲು ನನಗೆ ಧೈರ್ಯವಿಲ್ಲ. ಸ್ಟ್ಯಾನ್ಲಿ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1865ರಲ್ಲಿಯೇ, ಯಂತ್ರಗಳು ದಕ್ಷವಾದಂತೆ ಕಲ್ಲಿದ್ದಲಿನ ಬಳಕೆ ತಗ್ಗುವ ಬದಲು ಹೆಚ್ಚುತ್ತದೆಂದು ವಾದಿಸಿದ್ದನು. ಅವನ ವಾದಕ್ಕೆ ಪ್ರಮಾಣ ಬೇಕಾದವರು ಬೆಂಗಳೂರಿನ ಯಾವುದಾದರೂ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿ ತಲೆಯೆತ್ತಿ ನೋಡಿದರೆ ಸಾಕು. ಹಿಂದೆ ಒಂದು ಟ್ಯೂಬ್‌ಲೈಟು, ಚೋಕೂ ಸೇರಿ ಐವತ್ತೆರಡು ವ್ಯಾಟು, ಬೆಳಗುತ್ತಿದ್ದ ಹಜಾರದಲ್ಲಿ ಈಗ ಫಾಲ್ಸ್ ಸೀಲಿಂಗಿನ ತುಂಬ ಹತ್ತು ಹತ್ತು ವ್ಯಾಟಿನ ಹನ್ನೆರಡು ದೀಪಗಳು, ಅಂಚಿನಲ್ಲಿ ಬಣ್ಣದ ಪಟ್ಟಿ, ಚಿತ್ರಪಟದ ಮೇಲೊಂದು, ಗಾಜಿನ ಕಪಾಟಿನೊಳಗೊಂದು. ಒಂದೊಂದೂ ಮಿತವ್ಯಯದ ದೀಪವೇ. ಎಲ್ಲವೂ ಕೂಡಿ ಹಳೆಯ ಖರ್ಚಿನ ಎರಡರಷ್ಟಕ್ಕೂ ಮಿಕ್ಕುತ್ತದೆ. ದೀಪ ಬದಲಾಯಿಸಿದವರೆಲ್ಲರೂ ವಿದ್ಯುತ್ತನ್ನು ಉಳಿಸಿದರೆಂದು ಅಂಕಿ ಅಂಶಗಳನ್ನು ಗುಣಿಸುವವರು ಈ ಛಾವಣಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಇನ್ನೊಂದೆಡೆ, ಲಾಟೀನಿನಲ್ಲಿ ಓದುತ್ತಿದ್ದ ಮನೆಯೊಂದು ಅಗ್ಗದ ಎಲ್‌ಇಡಿಯ ದೆಸೆಯಿಂದ ಎರಡು ದೀಪ ಹೆಚ್ಚು ಹಚ್ಚಿದರೆ ಅದು ದುಂದಲ್ಲ, ಬಹುಕಾಲದಿಂದ ಸಲ್ಲದಿದ್ದ ನ್ಯಾಯ. 1995ರಲ್ಲಿ ಹರೀಶ್ ಹಂದೆಯವರು ಇನ್ನೊಬ್ಬರೊಡನೆ ಸ್ಥಾಪಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸೌರದೀಪಗಳನ್ನು ಬ್ಯಾಂಕಿನ ಸಾಲದ ಮೇಲೆ ಹಂಚಲು ಸಾಧ್ಯವಾದುದಕ್ಕೂ, ಕಡಿಮೆ ವಿದ್ಯುತ್ತಿನಲ್ಲಿ ಉರಿಯುವ ದೀಪವಿದ್ದರೆ ಫಲಕವೂ ಬ್ಯಾಟರಿಯೂ ಚಿಕ್ಕದಾಗಿ ಬೆಲೆ ಕೈಗೆಟುಕುತ್ತದೆಂಬುದೇ ಆಧಾರ.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಈ ಪ್ರಶ್ನೆಗೆ ಹೊಸದೊಂದು ತೊಡಕನ್ನು ಸೇರಿಸಿದೆ. ಆರಂಭದಲ್ಲಿ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ ಹತ್ತನ್ನು ಸೇರಿಸಿ, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಉಚಿತವಾಗಿ ಕೊಡತೊಡಗಿದ ಈ ವ್ಯವಸ್ಥೆ ಬಡ ಹಾಗೂ ಮಧ್ಯಮ ವರ್ಗದ ಮನೆಗಳಿಗೆ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮಿತಿಯೊಳಗಿನ ಗೃಹಸ್ಥನಿಗೆ ದೀಪ ಬದಲಾಯಿಸಿದುದರ ಫಲ ಬಿಲ್ಲಿನಲ್ಲಿ ಕಾಣುವುದಿಲ್ಲ. ಉಳಿಸಿದವನಿಗೂ ಉಳಿಸದವನಿಗೂ ಸೊನ್ನೆಯೇ. ಭಾಗ್ಯಜ್ಯೋತಿಯ ಒಂಟಿ ಬಲ್ಬಿನಲ್ಲಿ ಕಂಡ ವಿಪರ್ಯಾಸವೇ ಇಲ್ಲಿ ವಿಶಾಲವಾಗಿ ಮರಳಿದೆ. ಉಚಿತ ವಿದ್ಯುತ್ತಿನ ಮನೆಗಳಿಗೆ ದಕ್ಷವಾದ ದೀಪವನ್ನೂ ಫ್ಯಾನನ್ನೂ ಸರ್ಕಾರವೇ ಒದಗಿಸಿದರೆ ಖಜಾನೆಗೆ ನಷ್ಟವಾಗದೆಂದು ಯಾರಾದರೂ ಲೆಕ್ಕ ಹಾಕಿ ಹೇಳಬೇಕಾಗಿದೆ.

ಕೊಳ್ಳುವವರಿಗೆ ಹೇಳಬೇಕಾದ ಕೆಲವು ಮಾತುಗಳಿವೆ. ಡಬ್ಬಿಯ ಮೇಲೆ ವ್ಯಾಟನ್ನು ಮಾತ್ರ ನೋಡುವ ಅಭ್ಯಾಸ ಹಳೆಯ ಬಲ್ಬಿನ ಕಾಲದ್ದು. ಈಗ ನೋಡಬೇಕಾದುದು ಲೂಮೆನ್ ಎಷ್ಟೆಂಬುದನ್ನು, ಅದಕ್ಕೆ ಎಷ್ಟು ವ್ಯಾಟೆಂಬುದನ್ನು. 2018ರಿಂದ ಎಲ್‌ಇಡಿ ಬಲ್ಬಿಗೆ ದಕ್ಷತೆಯನ್ನು ಸೂಚಿಸುವ ನಕ್ಷತ್ರಗಳ ಪಟ್ಟಿ ಕಡ್ಡಾಯವಾಗಿದ್ದು, ಪಟ್ಟಿಯೂ ಮಾನಕ ಸಂಸ್ಥೆಯ ನೋಂದಣಿ ಗುರುತೂ ಇಲ್ಲದ ಹೆಸರಿಲ್ಲದ ಬಲ್ಬು ಸಂತೆಯಲ್ಲಿ ಎಷ್ಟು ಅಗ್ಗವಾಗಿ ದೊರೆತರೂ ತರಬಾರದು. ಎಲ್‌ಇಡಿ ಹಾಳಾಯಿತೆಂದು ನಾವು ದೂರುವಾಗ ಬಹುಮಟ್ಟಿಗೆ ಹಾಳಾಗಿರುವುದು ಹರಳಲ್ಲ, ಬುಡದೊಳಗಿರುವ ಡ್ರೈವರ್ ಎಂಬ ವಿದ್ಯುನ್ಮಂಡಲ. ತಾಪ ಅದರ ವೈರಿ. ಆದುದರಿಂದ ಗಾಳಿಯಾಡದ ಗಾಜಿನ ಗೋಳದೊಳಗೆ ಎಲ್‌ಇಡಿಯನ್ನು ಬಂಧಿಸಿದರೆ ಇಪ್ಪತ್ತು ಸಾವಿರ ಗಂಟೆಯೆಂದು ಬರೆದಿರುವ ಆಯುಸ್ಸು ಅರ್ಧವೂ ಸಲ್ಲುವುದಿಲ್ಲ. ಮಲಗುವ ಕೋಣೆಗೆ ಅಚ್ಚಬಿಳುಪಿನ 6500 ಕೆಲ್ವಿನ್ ದೀಪ ಸಲ್ಲದು, ಅದರಲ್ಲಿರುವ ನೀಲಿಯ ಅಂಶ ನಿದ್ರೆಯನ್ನು ದೂರ ತಳ್ಳುತ್ತದೆ. ಅಲ್ಲಿಗೆ 2700ರಿಂದ 3000 ಕೆಲ್ವಿನ್‌ವರೆಗಿನ ಹಳದಿಛಾಯೆಯದೇ ಸರಿ. ಅರವತ್ತು ದಾಟಿದವರ ಕಣ್ಣಿನ ಪಟಲಕ್ಕೆ ಇಪ್ಪತ್ತರ ಹರೆಯದವರಿಗೆ ತಲಪುವ ಬೆಳಕಿನ ಮೂರನೆಯ ಒಂದು ಪಾಲು ಮಾತ್ರ ತಲಪುವುದರಿಂದ, ಉಳಿತಾಯದ ಹೆಸರಿನಲ್ಲಿ ಅಜ್ಜ ಅಜ್ಜಿಯರನ್ನು ಮಂದಬೆಳಕಿನಲ್ಲಿ ಕೂರಿಸುವುದು ಜಿಪುಣತನ; ಅವರು ಓದುವೆಡೆಯಲ್ಲಿ ಹತ್ತಿರಕ್ಕೊಂದು ದೀಪವಿಟ್ಟು ಛಾವಣಿಯ ಎರಡನ್ನು ಆರಿಸುವುದು ವಿವೇಕ. ಹಗಲಿನ ಬೆಳಕಿನ ಮಾತನ್ನೂ ಮರೆಯಬಾರದು. ಕರಾವಳಿ, ಮಲೆನಾಡುಗಳ ಹಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹಂಚನ್ನು ಹೊದೆಸುವ ರೂಢಿ ಒಂದು ಯೂನಿಟ್ಟನ್ನೂ ಬೇಡದೆ ಅಡುಗೆಮನೆಯನ್ನು ಬೆಳಗುತ್ತಿದ್ದಿತು. ಪಕ್ಕದ ಗೋಡೆಗೆ ಗೋಡೆ ತಾಗಿಸಿ ಕಟ್ಟಿ ನಡುಹಗಲಲ್ಲಿ ದೀಪ ಹಚ್ಚಿಕೊಂಡು ಕೂಡುವ ನಮ್ಮ ನಗರಗಳ ಮನೆಗಳಿಗೆ ಯಾವ ಎಲ್‌ಇಡಿಯೂ ಆ ನಷ್ಟವನ್ನು ತುಂಬಿಕೊಡಲಾರದು.

ಕಡೆಯದಾಗಿ, ಹಳೆಯ ದೀಪಗಳ ವಿಲೇವಾರಿ. ಒಂದೊಂದು ಸಿಎಫ್‌ಎಲ್‌ನಲ್ಲಿಯೂ ಕೆಲವು ಮಿಲಿಗ್ರಾಂ ಪಾದರಸವಿದೆ, ಹಳೆಯ ದಪ್ಪ ಟ್ಯೂಬುಗಳಲ್ಲಿ ಅದಕ್ಕೂ ಹೆಚ್ಚಾಗಿ. ಪಾದರಸದ ಬಗೆಗಿನ ಮಿನಮಾಟಾ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು, ಅವುಗಳಲ್ಲಿ ಭಾರತವೂ ಒಂದು, ಟ್ಯೂಬ್‌ಲೈಟುಗಳ ತಯಾರಿಕೆಯನ್ನೂ ಆಮದು ರಫ್ತುಗಳನ್ನೂ 2027ರ ಹೊತ್ತಿಗೆ ನಿಲ್ಲಿಸಬೇಕೆಂದು 2023ರ ಸಮ್ಮೇಳನದಲ್ಲಿ ತೀರ್ಮಾನಿಸಿವೆ. ಅಂದರೆ ಇನ್ನು ಕೆಲವೇ ವರ್ಷಗಳಲ್ಲಿ ನಮ್ಮ ಮನೆ, ಶಾಲೆ, ಕಚೇರಿಗಳ ಗೋಡೆಗಳಿಂದ ಕೋಟ್ಯಂತರ ಟ್ಯೂಬುಗಳು ಇಳಿಯಲಿವೆ. ಇಂದು ಅವು ಹೋಗುತ್ತಿರುವುದು ಕಸದ ಗಾಡಿಗೆ, ಅಲ್ಲಿಂದ ಚಿಂದಿ ಆಯುವ ಮಕ್ಕಳ ಕೈಗೆ. ಒಡೆದ ಗಾಜಿನೊಡನೆ ಆ ಲೋಹ ನೆಲಕ್ಕೂ ನೀರಿಗೂ ಇಳಿಯುತ್ತದೆ. ಹೊಸ ಬಲ್ಬನ್ನು ಕೌಂಟರಿನಲ್ಲಿ ನಿಂತು ಕೋಟಿಗಳ ಲೆಕ್ಕದಲ್ಲಿ ಹಂಚಬಲ್ಲ ವಿದ್ಯುತ್ ಕಂಪನಿಗಳಿಗೆ, ಅದೇ ಕೌಂಟರಿನ ಬದಿಯಲ್ಲಿ ಒಂದು ಪೆಟ್ಟಿಗೆಯಿಟ್ಟು ಹಳೆಯ ಟ್ಯೂಬು, ಸಿಎಫ್‌ಎಲ್‌ಗಳನ್ನು ಹಿಂದಕ್ಕೆ ಪಡೆಯುವುದು ಅಸಾಧ್ಯವಲ್ಲ. ನಗರಸಭೆಗಳೂ ಗ್ರಾಮ ಪಂಚಾಯಿತಿಗಳೂ ಇದಕ್ಕೆ ಕೈಜೋಡಿಸಬೇಕು. ಅಂಥ ಏರ್ಪಾಡು ಆಗುವವರೆಗೆ ಓದುಗರು ಇಳಿಸಿದ ಟ್ಯೂಬನ್ನು ಒಡೆಯದೆ, ಹೊಸದು ಬಂದ ರಟ್ಟಿನ ಕವಚದಲ್ಲಿಯೇ ಸೇರಿಸಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಮಾತ್ರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.